ಡೊಂಬಿವಲಿಯ ಗಿರಾಕಿ

ಡೊಂಬಿವಲಿ ಪೂರ್ವ
ಆಗಸ್ಟ್ 11, 1985

ಚಿ. ಪ್ರಫುಲ್ಲಾಳಿಗೆ,

ನಾಲ್ಕು ವರ್ಷದ ನಂತರ ನಿನಗೆ ಬರೆಯುತ್ತಿದ್ದೇನೆ. ಫ್ಯಾಕ್ಟರಿಯ ಡಿಸ್‌ಪ್ಯಾಚ್ ಸೆಕ್ಷನ್ನಿನಲ್ಲಿ ಕೂತು ದಿನವಿಡೀ ಪತ್ರ ಬರೆಯುವವನು ನಾನು, ಆದರೆ ಇವತ್ತು ಎರಡು ಇನ್‌ಲ್ಯಾಂಡ್ ಹಾಳು ಮಾಡಿದೆ. ಒಂದರಲ್ಲಿ ಆಶೀರ್ವಾದ ಜಾಸ್ತಿಯಾಯಿತು, ಇನ್ನೊಂದರಲ್ಲಿ ಉಪದೇಶ. ಇದು ಮೂರನೆಯದು. ಮನೆಯಲ್ಲಿ ಎಲ್ಲರೂ ಸೌಖ್ಯ. ಎಲ್ಲರೂ ಎಂದರೆ ನಾನು ಮತ್ತು ನಿನ್ನ ಅಮ್ಮ.

ವಿಷಯ ಇಷ್ಟು. ಕೆಳಗಿನ ಮನೆಯ ವಿಮಲಾ ಸೀರೆ ಕೊಳ್ಳಲು ಠಾಣೆಯ ನೌಪಾಡಾಕ್ಕೆ ಹೋದವಳು, ಹುಬ್ಬು ತೀಡಿಸಿಕೊಳ್ಳೋಣವೆಂದು ಒಂದು ಪಾರ್ಲರಿನ ಮೆಟ್ಟಿಲು ಹತ್ತಿದಳಂತೆ. ಅದು ನಿನ್ನದು. ಮರಳಿ ಬಂದವಳೇ ನನ್ನನ್ನು ಜಿನೆಯ ಮೆಟ್ಟಿಲ ಮೇಲೆ ನಿಲ್ಲಿಸಿದಳು. "ಎಂಥ ಹೇಳುವುದು ಮಾರಾಯ್ರೆ, ಥೇಟ್ ನಿಮ್ಮ ಪ್ರಫುಲ್ಲಾ! ನಾನು ಹೆಸರು ಹಿಡಿದೇ ಕರೆದೆ. ಅವಳು, ಅಲ್ಲ, ನಾನು ಮಂಗಳೂರಿನವಳು, ನಿಮಗೆ ತಪ್ಪಿದ್ದು ಅಂದಳು. ನಿಮ್ಮ ಮಗಳು ಬ್ಯಾಂಕಿನಲ್ಲೇ ಇದ್ದಾಳಲ್ಲ?" ನಾನು ಹೌದೆಂದೆ.

ನೀನು ಠಾಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಿ ಎಂದು ನಮ್ಮ ಬಿಲ್ಡಿಂಗಿನ ಇಡೀ ಸೊಸೈಟಿಗೆ ಹೇಳಿದವನು ನಾನೇ. ಅದು ನಿನಗೆ ಹೇಗೋ ಗೊತ್ತಾಗಿದೆ ಎಂದು ಈಗ ತಿಳಿಯಿತು. ನನ್ನ ಮಾತು ಉಳಿಸಿದೆ. ಅದಕ್ಕೆ ಥ್ಯಾಂಕ್ಸ್ ಹೇಳಬೇಕೆನಿಸಿತು.

ಇನ್ನೊಂದು ಸಣ್ಣ ವಿಚಾರ. ನನ್ನ ಸ್ನೇಹಿತರೊಬ್ಬರಿದ್ದಾರೆ. ಐವತ್ತಾರರ ಪ್ರಾಯ. ಕೆನ್ನೆ ಇಳಿದಿದೆ, ಕಣ್ಣಿನ ಕೆಳಗೆ ಊದಿದೆ, ಬಾಯಿಯ ಎರಡೂ ಬದಿಗೆ ಗೆರೆ ಬಿದ್ದಿದೆ. ಕತ್ತಿ ಕತ್ತರಿ ಮುಟ್ಟಿಸದೆ ಚರ್ಮವನ್ನು ಸ್ವಲ್ಪ ಎಳೆಯದು ಮಾಡುವ ಉಪಾಯವೇನಾದರೂ ಈಗ ಬಂದಿದೆಯೇ ಎಂದು ಕೇಳಿದರು. ಗಂಡಸರು ಕೇಳುವ ಮಾತಲ್ಲ, ಆದ್ದರಿಂದ ಅವರಿಗೆ ನಾಚಿಕೆ. ಉತ್ತರವನ್ನು ಫ್ಯಾಕ್ಟರಿಯ ವಿಳಾಸಕ್ಕೆ ಹಾಕು. ಅಮ್ಮನಿಗೆ ತಿಳಿಯುವುದು ಬೇಡ.

ಇಂತಿ,
ಸರ್ವೋತ್ತಮ

*

ನೌಪಾಡಾ, ಠಾಣೆ
ಆಗಸ್ಟ್ 19, 1985

ಅಪ್ಪನಿಗೆ ನಮಸ್ಕಾರಗಳು.

ಮೊದಲು ನಿಮ್ಮ ಸ್ನೇಹಿತರ ವಿಚಾರ ಮುಗಿಸುತ್ತೇನೆ.

ಕತ್ತಿ ಕತ್ತರಿ ಇಲ್ಲದೆ ಮಾಡುವಂಥದು ಕೆಲವಿದೆ. ಮಸಾಜು, ಫೇಶಿಯಲ್ಲು ಮಾಡಿದರೆ ಮುಖಕ್ಕೆ ಒಂದೆರಡು ದಿನ ಕಳೆ ಬರುತ್ತದೆ, ಮದುವೆಮನೆಗೆ ಹೋಗಿ ಬರಲು ಸಾಕು. ಸಣ್ಣ ಕರೆಂಟು ಹಾಯಿಸುವ ಮೆಶಿನ್ನು ದಾದರಿನ ದೊಡ್ಡ ಪಾರ್ಲರುಗಳಲ್ಲಿದೆ. ಗಿರಾಕಿಗೆ ಜುಮ್ಮೆನ್ನುತ್ತದೆ, ಅದರಿಂದ ಗೆರೆ ಹೋದದ್ದನ್ನು ನಾನಂತೂ ನೋಡಿಲ್ಲ. ಕ್ರೀಮುಗಳು ಒಣಗಿದ ಚರ್ಮವನ್ನು ಮೆತ್ತಗೆ ಮಾಡುತ್ತವೆ, ಇಳಿದ ಕೆನ್ನೆಯನ್ನು ಎತ್ತುವುದಿಲ್ಲ. ಇನ್ನು ಕೆಲವು ಡಾಕ್ಟರುಗಳು ಒಂದು ಆಸಿಡ್ ಹಚ್ಚಿ ಮೇಲಿನ ಪದರ ಸುಲಿಸುತ್ತಾರೆ, ಕೆಳಗಿನಿಂದ ಹೊಸ ಚರ್ಮ ಬರುತ್ತದೆ. ನಮ್ಮ ಬಣ್ಣದವರಿಗೆ, ಅದರಲ್ಲೂ ಬಿಸಿಲಿನಲ್ಲಿ ಓಡಾಡುವವರಿಗೆ, ಅದರಿಂದ ಕಪ್ಪು ಕಲೆ ಕೂರುವ ಭಯ ಉಂಟು. ಅದು ಬೇಡವೆಂದು ಅವರಿಗೆ ಹೇಳಿ. ಬಿಸಿಲಿಗೆ ಕೊಡೆ ಹಿಡಿಯಲಿ, ಮಲಗುವ ಮುಂಚೆ ಮುಖಕ್ಕೆ ಏನಾದರೂ ಪಸೆ ಹಚ್ಚಲಿ, ಚೆನ್ನಾಗಿ ನಿದ್ದೆ ಮಾಡಲಿ. ಇದು ನಿಧಾನದ ದಾರಿ, ಕೆನ್ನೆ ಮಾತ್ರ ವಾಪಸು ಬರುವುದಿಲ್ಲ.

ನಿಮ್ಮ ಸ್ನೇಹಿತರು ಒಂದು ವೇಳೆ ಮೂವತ್ತು ವರ್ಷದಿಂದ ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುತ್ತಿರುವವರಾದರೆ, ಆಟ ಮುಗಿದ ಮೇಲೆ ತೆಂಗಿನೆಣ್ಣೆ ಸುರಿದು ಹಳೇ ಪಂಚೆಯ ತುಂಡಿನಿಂದ ಪಾತ್ರೆ ತಿಕ್ಕಿದ ಹಾಗೆ ಮುಖ ತಿಕ್ಕುವುದನ್ನು ಬಿಡಲಿ. ಅವರು ಹಾಗೆ ತಿಕ್ಕುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಚೌಕಿಯಲ್ಲಿ ಅವರು ಬಣ್ಣ ಹಚ್ಚಿಕೊಳ್ಳುವಾಗ ಕನ್ನಡಿ ಹಿಡಿದು ಕೂರುತ್ತಿದ್ದವಳು ನಾನೇ. ಹುಬ್ಬು ತೀಡುವಾಗ ಉಸಿರು ಬಿಗಿಹಿಡಿಯಬೇಕೆಂದು ಕಲಿತದ್ದೂ ಅಲ್ಲಿಯೇ. ಆಮೇಲೆ ಅದೇ ಕೆಲಸ ನಾನು ಹಿಡಿದಾಗ, ಪಕ್ಕದ ಊರು ಕಲ್ಯಾಣದಿಂದ ಹೆಣ್ಣು ನೋಡಲು ಬಂದವರೆದುರು ಅವರು, "ಯಾರ್ಯಾರದೋ ಮುಖದ ಕೊಳೆ ತೆಗೆಯುವ ಹುಡುಗಿ ನನ್ನ ಮನೆಯಲ್ಲಿರುವುದಿಲ್ಲ" ಎಂದರು. ನಾನು ಚೀಲ ತೆಗೆದುಕೊಂಡು ಹೊರಟೆ.

ಇನ್ನು ಥ್ಯಾಂಕ್ಸಿನ ವಿಚಾರ. ಅದು ಬೇಡವಿತ್ತು. ವಿಮಲಾ ಆಂಟಿ ನನ್ನನ್ನು ಎತ್ತಿ ಆಡಿಸಿದವರು. ಅವರ ಹುಬ್ಬು ತೀಡುತ್ತ ನೀವು ಯಾರೋ ನನಗೆ ಗೊತ್ತಿಲ್ಲ ಎಂದೆ. ಅವರು ಇಳಿದುಹೋದ ಮೇಲೆ ನಲ್ಲಿ ಬಿಟ್ಟುಕೊಂಡು ಅತ್ತೆ. ನಿಮ್ಮ ಮಾತು ಉಳಿಸಿದ್ದಕ್ಕೆ ನನಗೆ ಯಾವ ಹೆಮ್ಮೆಯೂ ಇಲ್ಲ.

ಪ್ರಫುಲ್ಲಾ

*

ಡೊಂಬಿವಲಿ
ಸೆಪ್ಟೆಂಬರ್ 15, 1985

ಚಿ. ಪ್ರಫುಲ್ಲಾ,

ನಿನ್ನ ಪತ್ರ ಓದಿ ಮಡಚಿ ಟಿಫಿನ್ ಡಬ್ಬಿಯ ಕೆಳಗಿಟ್ಟೆ. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಕೊನೆಯ ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಬರೆಯುತ್ತೇನೆ. ಹೇಡಿ ಎಂದುಕೋ.

ಆ ಸ್ನೇಹಿತರ ಪರಿಸ್ಥಿತಿ ಹೀಗಿದೆ. ಅವರ ಯಕ್ಷಗಾನ ಮಂಡಳಿಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಜನವರಿಯಲ್ಲಿ ಇಲ್ಲಿಯ ಹಾಲ್‌ನಲ್ಲಿ ಸ್ವಯಂವರದ ಪ್ರಸಂಗ. ರಾಜಕುಮಾರಿ ಅವರದೇ ವೇಷ, ಮೊದಲ ವರ್ಷದಿಂದ. ಈ ಸಲ ವಿಡಿಯೋ ತೆಗೆಸುತ್ತಾರಂತೆ. ಮೀಟಿಂಗಿನಲ್ಲಿ ಸೆಕ್ರೆಟರಿ ಚೆನ್ನಯ, "ವಿಡಿಯೋ ಅಂದ್ರೆ ಹತ್ತಿರದಿಂದ ಕಾಣ್ತದೆ, ಸ್ಟೇಜಿನ ಹಾಗಲ್ಲ. ನಮ್ಮ ಹೃಷೀಕೇಶನಿಗೆ ಕೊಡುವ, ಎಳೆ ಮುಖ" ಎಂದ. ಅದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಕಿಟ್ಟಣ್ಣ ಇದ್ದಾನಲ್ಲ, ಅವರ ಜೊತೆ ಯಾವಾಗಲೂ ರಾಜಕುಮಾರನ ವೇಷ ಹಾಕುವವನು, ಈಗ ಕಳಂಬೋಲಿಯಲ್ಲಿ ಕಬ್ಬಿಣದ ಮಾರ್ಕೆಟ್ಟಿನವರಿಗೆ ಕ್ಯಾಂಟೀನ್ ಹಾಕಿದ್ದಾನೆ. ಅವನು ಚಹಾ ಕುಡಿಯುತ್ತ, "ಹೌದು ಮಾರಾಯಾ, ಮಾಲೆ ಹಾಕಿಸಿಕೊಳ್ಳಲಿಕ್ಕೆ ಬಂದ ರಾಜಕುಮಾರ ಅತ್ತೆ ಅಂತ ಕಾಲು ಹಿಡಿದಾನು" ಎಂದುಬಿಟ್ಟ. ಎಲ್ಲರೂ ನಕ್ಕರು. ಆ ಸ್ನೇಹಿತರೂ ನಕ್ಕರು. ಕಿಟ್ಟಣ್ಣನಿಗೆ ಐವತ್ತೆಂಟು, ಅವನಿಗೆ ಮೀಸೆ ಕಟ್ಟಿದರೆ ಪ್ರಾಯ ಮುಚ್ಚಿಹೋಗುತ್ತದೆ. ಸ್ತ್ರೀವೇಷದವರಿಗೆ ಆ ಸೌಕರ್ಯವಿಲ್ಲ.

ಮನೆಗೆ ಬಂದು ಅವರು ಕನ್ನಡಿಯೆದುರು ಕೂತು ಎರಡು ಕೈಯಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ನೋಡಿದರು. ಆಗ ಇಪ್ಪತ್ತು ವರ್ಷ ಹಿಂದಿನ ಮುಖ ಬಂತು. ಕೈ ಬಿಟ್ಟರೆ ಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಲ್ಲುನೋವು ಎಂದರು.

ನಿನ್ನ ನಿಧಾನದ ದಾರಿ ಸರಿಯೇ, ಆದರೆ ಜನವರಿ ನಿಧಾನವಾಗಿ ಬರುವುದಿಲ್ಲ. ಕಲ್ಯಾಣ ಸ್ಟೇಷನ್ನಿನ ಆಚೆ ಒಬ್ಬ ಡಾಕ್ಟರಿದ್ದಾನಂತೆ. ಒಂದು ಸಲ ಹಚ್ಚಿದರೆ ವಾರದಲ್ಲಿ ಹೊಸ ಮುಖ ಎಂದು ಬೋರ್ಡು ಹಾಕಿದ್ದಾನೆ. ಠಾಣೆಗೆ ಹೋದರೆ ಯಾರಾದರೂ ಕಂಡಾರು, ಕಲ್ಯಾಣವಾದರೆ ಪರವಾಗಿಲ್ಲ.

ಸರ್ವೋತ್ತಮ

*

ಪೋಸ್ಟ್ ಕಾರ್ಡು
ನೌಪಾಡಾ, ಅಕ್ಟೋಬರ್ 1, 1985

ಅಪ್ಪಾ, ಅಮ್ಮ ಬಂದಾಗ ನಿಮ್ಮ ಹಲ್ಲುನೋವಿನ ಬಗ್ಗೆ ಹೇಳಿದರು. ಅವರು ಪ್ರತಿ ಗುರುವಾರ ಇಲ್ಲಿಗೆ ಬರುತ್ತಾರೆ, ನಿಮಗೆ ಹೇಳಿದ ಹಾಗೆ ಭಜನೆಗೆ ಹೋಗುವುದಲ್ಲ. ಕಲ್ಯಾಣಕ್ಕೆ ಹೋಗಬೇಡಿ. ಆಸಿಡ್ ಬೇಡವೇ ಬೇಡ. ಅಷ್ಟೇ ಅವಸರವಾದರೆ ನನ್ನಲ್ಲಿಗೆ ಬನ್ನಿ, ಮಾತಾಡದೆ ಕೂತರೂ ಆಗುತ್ತದೆ. ಮನೆಯ ವಿಳಾಸಕ್ಕೇ ಕಾರ್ಡು ಹಾಕಿದ್ದೇನೆ, ಸೊಸೈಟಿಯವರು ಓದಿದರೆ ಓದಲಿ. ಪ್ರಫುಲ್ಲಾ

*

ಡೊಂಬಿವಲಿ
ಅಕ್ಟೋಬರ್ 27, 1985

ಮಗಳೇ,

ನಿನ್ನ ಕಾರ್ಡು ಬಂದದ್ದು ನಾನು ಕಲ್ಯಾಣಕ್ಕೆ ಹೋಗಿ ಬಂದ ಮರುದಿನ. ಪೋಸ್ಟ್‌ಮ್ಯಾನನೆದುರು ಟವೆಲು ಮುಚ್ಚಿಕೊಂಡೇ ಕೈ ಚಾಚಿದೆ.

ಆ ಸ್ನೇಹಿತ ನಾನೇ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ನನ್ನ ಮಾನ ಕಾಯ್ದೆ. ಬರೆದು ಹೇಳದೆ ಇನ್ನು ಆಗುವುದಿಲ್ಲ, ಯಾಕೆಂದರೆ ಈಗ ಮುಚ್ಚಿಡಲು ಏನೂ ಉಳಿದಿಲ್ಲ.

ಆ ಡಾಕ್ಟರನ ಬೆಂಚಿನ ಮೇಲೆ ನಾನೊಬ್ಬನೇ ಗಂಡಸು. ಮಗಳನ್ನು ಕರೆತಂದಿರಾ ಎಂದು ಪಕ್ಕದ ಹೆಂಗಸು ಕೇಳಿದಳು. ಹೌದು, ಒಳಗಿದ್ದಾಳೆ ಎಂದೆ. ಆಮೇಲೆ ನನ್ನ ಹೆಸರನ್ನೇ ಕೂಗಿದರು. ಡಾಕ್ಟರ್ ಹತ್ತಿಯಲ್ಲಿ ಅದ್ದಿ ಹಚ್ಚಿದ. ಮುಖ ಉರಿದು ಬಿಳಿಚಿಕೊಂಡಿತು. ನಾನು ಇಪ್ಪತ್ತು ವರ್ಷ ಫ್ಯಾಕ್ಟರಿಯ ಆಸಿಡ್ ಡ್ರಮ್ಮುಗಳ ಮೇಲೆ ಅಪಾಯ ಎಂಬ ಚೀಟಿ ಅಂಟಿಸಿದವನು, ಈಗ ಟಿಕೇಟು ತೆಗೆದು ಕಲ್ಯಾಣಕ್ಕೆ ಹೋಗಿ ಅದನ್ನೇ ಮುಖಕ್ಕೆ ಹಚ್ಚಿಸಿಕೊಂಡೆ. ನಗು ಬಂದರೆ ನಗು.

ಪದರ ಸುಲಿದು ಕೆಳಗಿನಿಂದ ನಿಜವಾಗಿಯೂ ಗುಲಾಬಿ ಬಣ್ಣದ ಚರ್ಮ ಬಂತು. ಮೂರು ತಿಂಗಳು ಬಿಸಿಲು ತಾಗಿಸಬೇಡಿ, ಏನೂ ಹಚ್ಚಬೇಡಿ ಎಂದು ಡಾಕ್ಟರ್ ಹೇಳಿದ್ದ. ಅದು ಅವನ ತಪ್ಪಲ್ಲ. ಅಷ್ಟರಲ್ಲಿ ಚೆನ್ನಯ ಬಂದು, ಸ್ಮರಣ ಸಂಚಿಕೆಗೆ ಫೋಟೋ ಬೇಕು, ಭಾನುವಾರ ವೇಷ ಕಟ್ಟಿ ಬಾ ಎಂದ. ನನ್ನ ಹೊಸ ಮುಖ ನೋಡಿ, "ಅರೆ, ಏನು ಮಾಡಿದ್ದಿ? ಹತ್ತು ವರ್ಷ ಕಡಿಮೆ ಆಗಿದೆಯಲ್ಲ" ಎಂದೂ ಹೇಳಿದ. ಆ ಒಂದು ಮಾತಿಗೆ ನಾನು ಹಾಳಾದೆ. ಹಾಲ್‌ನ ಅಂಗಳದಲ್ಲಿ ಬೆಳಕು ಚೆನ್ನಾಗಿದೆ ಎಂದು ಫೋಟೋದವನು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ. ಹಸಿ ಚರ್ಮದ ಮೇಲೆ ಬಿಳಿ ಸಫೇದ, ಅದರ ಮೇಲೆ ಕೆಂಪು, ಕಾಡಿಗೆ. ಮುಗಿದ ಮೇಲೆ ರೂಢಿಯಂತೆ ತೆಂಗಿನೆಣ್ಣೆ, ಪಂಚೆಯ ತುಂಡು. ಕೈಗೆ ಬೇರೆ ಅಭ್ಯಾಸವೇ ಇಲ್ಲವಲ್ಲ. ಬಣ್ಣದ ಜೊತೆ ಚರ್ಮವೂ ಬಂತು.

ಈಗ ಎರಡು ಕೆನ್ನೆ, ಹಣೆ, ಗಲ್ಲದ ಮೇಲೆ ಹೊಗೆ ಹಿಡಿದ ಗೋಡೆಯಂತೆ ಕಂದು ಕಲೆ. ಕುಕ್ಕರ್ ಸಿಡಿಯಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಏಳೂ ಹದಿನೆಂಟರ ಲೋಕಲಿನಲ್ಲಿ ನನ್ನ ಗುಂಪಿನವರು ಸೀಟು ಬಿಟ್ಟುಕೊಡುತ್ತಾರೆ. ರೋಗಿಷ್ಠನಿಗೆ ಬಿಟ್ಟುಕೊಡುವ ಹಾಗೆ.

ಕಲ್ಯಾಣದ ಮಾತು ಅಮ್ಮನಿಗೂ ಹೇಳಬೇಕಾಯಿತು. ಅವಳು ಬೈಯಲಿಲ್ಲ. ಚಪಾತಿ ಲಟ್ಟಿಸುತ್ತ ತಿರುಗಿಯೂ ನೋಡದೆ, "ಸ್ಟೋವಿನೆದುರು ನಿಂತು ನಿಂತು ನನ್ನ ಮುಖವೂ ಹೋಯಿತು. ನೀವು ಅದನ್ನು ಯಾವತ್ತಾದರೂ ನೋಡಿದ್ದುಂಟಾ?" ಎಂದಳು. ನಾನು ಆಗ ನೋಡಿದೆ. ಆಮೇಲೆ ನನ್ನ ಮುಖ ನೋಡಿಕೊಳ್ಳುವ ಧೈರ್ಯ ಬರಲಿಲ್ಲ.

ಏನು ಮಾಡಲಿ ಹೇಳು.

ಅಪ್ಪ

*

ನೌಪಾಡಾ
ಅಕ್ಟೋಬರ್ 31, 1985

ಅಪ್ಪಾ,

ಏನೂ ಮಾಡಬೇಡಿ. ಅರಸಿನ, ನಿಂಬೆ, ಹಾಲಿನ ಕೆನೆ ಎಂದು ಯಾರು ಏನು ಹೇಳಿದರೂ ಮುಟ್ಟಬೇಡಿ. ಬರುವ ಸೋಮವಾರ ನನ್ನ ರಜೆ. ಅಮ್ಮನನ್ನು ಕರೆದುಕೊಂಡು ಬನ್ನಿ, ಕೊಡೆ ಹಿಡಿದುಕೊಂಡು. ಇಲ್ಲಿ ನಾನು ಗಿರಾಕಿಗಳನ್ನು ಕಳಿಸುವ ಒಳ್ಳೆಯ ಚರ್ಮದ ಡಾಕ್ಟರಿದ್ದಾರೆ, ಮೊದಲು ಅವರಲ್ಲಿಗೆ ಹೋಗೋಣ. ಅವರು ಬರೆದುಕೊಟ್ಟದ್ದನ್ನು ಹಚ್ಚುವುದಷ್ಟೇ ನನ್ನ ಕೆಲಸ.

ಮೆಟ್ಟಿಲ ಕೆಳಗೆ ಹೆಂಗಸರಿಗೆ ಮಾತ್ರ ಎಂದು ಬೋರ್ಡಿದೆ. ಮೂವತ್ತು ವರ್ಷ ಹೆಂಗಸಾಗಿ ಕುಣಿದವರಿಗೆ ಅದು ಅಡ್ಡಿಯಾಗಲಿಕ್ಕಿಲ್ಲ.

ನಗಲಿಲ್ಲ ಅಪ್ಪಾ. ಪತ್ರ ಓದುವಾಗ ಒಮ್ಮೆಯೂ ನಗಲಿಲ್ಲ.

ಪ್ರಫುಲ್ಲಾ

*

ಡೊಂಬಿವಲಿ
ಡಿಸೆಂಬರ್ 22, 1985

ಮಗಳೇ,

ಪ್ರತಿ ಸೋಮವಾರ ಎದುರೆದುರು ಕೂತರೂ ನಾವು ಹವಾಮಾನ, ಲೋಕಲು, ಅಮ್ಮನ ಮೊಣಕಾಲು ಬಿಟ್ಟು ಬೇರೇನೂ ಮಾತಾಡಿಲ್ಲ. ಅದಕ್ಕೆ ಪತ್ರವೇ ಬೇಕಾಯಿತು.

ನಿನ್ನ ಕೈ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಮೊದಲ ದಿನ ನೀನು ಮುಲಾಮು ಹಚ್ಚುವಾಗ ನಾನು ಕಣ್ಣು ಮುಚ್ಚಿದ್ದು ಉರಿಗಲ್ಲ. ಈ ಕೈಗೆ ಏನೆಂದಿದ್ದೆ ಎಂಬುದು ನೆನಪಾಗಿ ಮುಚ್ಚಿದೆ. ಡಾಕ್ಟರ್ ಮಾತಿನಂತೆ ಕಲೆ ತೆಳ್ಳಗಾಗಲು ಆರು ತಿಂಗಳೋ ವರ್ಷವೋ ಬೇಕು, ಪೂರ್ತಿ ಹೋಗದೆಯೂ ಇರಬಹುದು, ಬಣ್ಣವಂತೂ ಸದ್ಯಕ್ಕಿಲ್ಲ. ರಾಜಕುಮಾರಿಯ ವೇಷ ಹೃಷೀಕೇಶನಿಗೆ ಬಿಟ್ಟುಕೊಟ್ಟೆ. ಅದಕ್ಕೆ ದುಃಖವಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ.

ಕಳೆದ ಸೋಮವಾರ ರಜೆಯಾದರೂ ಒಬ್ಬ ಮರಾಠಿ ಅಜ್ಜಿ ಬಾಗಿಲು ತಳ್ಳಿಕೊಂಡು ಬಂದಳಲ್ಲ, ಕುರ್ಚಿಯಲ್ಲಿ ಗಂಡಸನ್ನು ಕಂಡು, "ಹೇ ಕೋಣ?" ಎಂದು, ಇವರು ಯಾರೆಂದು, ಮರಾಠಿಯಲ್ಲಿ ಕೇಳಿದಳಲ್ಲ. ನಿನ್ನ ಬಾಯಿಂದ ಏನು ಬರುತ್ತದೋ ಎಂದು ನಾನು ಕಾದೆ. ನೀನು ಡಬ್ಬಿಯ ಮುಚ್ಚಳ ಹಾಕುತ್ತ ನಿರಾಳವಾಗಿ, "ಡೊಂಬಿವಲಿಯ ಗಿರಾಕಿ" ಎಂದೆ. ಅಜ್ಜಿ ಹೋದಳು. ನೀನು ಮತ್ತೆ ಮುಲಾಮು ತೆಗೆದೆ. ನಿನಗೆ ಬೇಸರವಾದಂತೆ ಕಾಣಲಿಲ್ಲ, ಅಷ್ಟು ರೂಢಿಯಾಗಿದೆ. ನಾನು ರೂಢಿ ಮಾಡಿಸಿದ್ದು.

ಅಲ್ಲಿಂದ ಸ್ಟೇಷನ್ನಿನವರೆಗೆ ಅಮ್ಮನ ಹಿಂದೆ ನಡೆದೆ. ಮುಖದ ಕಲೆಗೆ ಇಷ್ಟು ದಿನ ನಾಚಿದ್ದೆ, ಆ ದಿನ ಬಂದದ್ದು ಬೇರೆ ನಾಚಿಕೆ. ಅದಕ್ಕೆ ಕೊಡೆ ಹಿಡಿಯಲು ಬರುವುದಿಲ್ಲ.

ಇಷ್ಟೆಲ್ಲ ಬರೆದು ಈಗ ಕೇಳುವುದು ನೋಡು. ಜನವರಿ 19ಕ್ಕೆ ಮಂಡಳಿಯವರು ನನಗೆ ಶಾಲು ಹೊದಿಸುತ್ತಾರೆ. ವಿಡಿಯೋ ಇರುತ್ತದೆ, ನಾಲ್ಕು ಮಾತಾಡಲಿಕ್ಕೂ ಇದೆ. ಈ ಮುಖ ಹೊತ್ತು ಮೈಕಿನೆದುರು ನಿಲ್ಲಲು ನನ್ನಿಂದಾಗದು. ಒಂದು ಗಂಟೆಯ ಮಟ್ಟಿಗೆ ಮುಚ್ಚಲು ಏನಾದರೂ ಇದೆಯೇ? ನೀನೂ ಆ ದಿನ ಬಾ.

ಅಪ್ಪ

*

ನೌಪಾಡಾ
ಜನವರಿ 14, 1986

ಅಪ್ಪಾ,

ಅಮ್ಮನ ಕೈಯಲ್ಲಿ ಒಂದು ಮೇಕಪ್ಪಿನ ಕಡ್ಡಿ ಕಳಿಸಿದ್ದೇನೆ. ಕಲೆಯಿರುವ ಮದುವಣಗಿತ್ತಿಯರಿಗೆ ಹಚ್ಚುವಂಥದು, ನಿಮ್ಮ ಬಣ್ಣಕ್ಕೆ ಹೊಂದುತ್ತದೆ. ಒಂದು ಗಂಟೆಗೆ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿದರು. ತೆಗೆಯುವಾಗ ತಿಕ್ಕಬೇಡಿ, ಒತ್ತಿ ಒತ್ತಿ ತೆಗೆಯಿರಿ. ಎರಡನೇ ಸಾಲಿನಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

ನಾನು ಬರುವುದಿಲ್ಲ. ವಿಮಲಾ ಆಂಟಿ ಮೊದಲ ಸಾಲಿನಲ್ಲಿರುತ್ತಾರೆ, ಮತ್ತು ನಾನು ಮಂಗಳೂರಿನವಳು.

ಪ್ರಫುಲ್ಲಾ

*

ಡೊಂಬಿವಲಿ
ಜನವರಿ 20, 1986

ಮಗಾ ಪ್ರಫುಲ್ಲಾ,

ನಾನು ಪತ್ರ ಬರೆಯುವವಳಲ್ಲ, ಬಂದೇ ಹೇಳುವವಳು. ಆದರೆ ಇವತ್ತು ನಿನ್ನಪ್ಪನಿಗೆ ಜ್ವರ, ಮೈಗೆ ಬಂದದ್ದಲ್ಲ, ಮನಸ್ಸಿಗೆ. ಸೋಮವಾರ ತಪ್ಪಿಸಿದ್ದಕ್ಕೆ ನೀನು ಗಾಬರಿಯಾಗಬಾರದೆಂದು ಬರೆಯುತ್ತಿದ್ದೇನೆ. ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಗಂಜಿ ಉಂಡರು, ಉಪ್ಪಿನಕಾಯಿ ಬೇಕೆಂದು ಕೇಳಿದರು. ಹಾಗಾಗಿ ಹೆದರುವಂಥದು ಏನೂ ಇಲ್ಲ.

ನಿನ್ನೆ ಹೊರಡುವಾಗ ಆ ಕಡ್ಡಿ ತೆಗೆದು ಕನ್ನಡಿಯೆದುರು ಕೂತರು. ಒಂದು ಕೆನ್ನೆಗೆ ಹಚ್ಚಿದರು. ಅಪ್ಪಟ ಹಳೇ ಕೆನ್ನೆ ಬಂತು ಮಗಾ, ನೀನು ಜಾಣೆ. ನಾನು ಚೆಂದ ಆಯಿತು ಎಂದೆ. ಅವರು ಆ ಕೆನ್ನೆಯನ್ನೇ ಸುಮಾರು ಹೊತ್ತು ನೋಡಿ, ಹತ್ತಿ ತೆಗೆದುಕೊಂಡು ನೀನು ಹೇಳಿದ ಹಾಗೆ ಒತ್ತಿ ಒತ್ತಿ ಒರೆಸಿಬಿಟ್ಟರು. ಕಡ್ಡಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಹಾಲ್ ತುಂಬಿತ್ತು. ಕಳಂಬೋಲಿಯಿಂದ ಕಿಟ್ಟಣ್ಣ ಬಂದಿದ್ದ, ವಿಮಲಾ ಮೊದಲ ಸಾಲಿನಲ್ಲಿದ್ದಳು. ಶಾಲು ಹೊದಿಸಿದರು, ಹಾರ ಹಾಕಿದರು. ಆ ವಿಡಿಯೋದವನ ಲೈಟು ಇವರ ಮುಖದ ಮೇಲೆಯೇ. ಎಲ್ಲ ಕಲೆ ಕಾಣುತ್ತಿತ್ತು. ಹಿಂದೆ ಯಾರೋ "ಅಯ್ಯೋ ಪಾಪ, ಕುಕ್ಕರ್" ಎಂದರು. ಇವರು ಮೈಕಿನೆದುರು ಮಾತಾಡಲು ನಿಂತರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನನ್ನ ಮುಖಕ್ಕೆ ಏನಾಯಿತು ಅಂತ ಎಲ್ಲರೂ ಕೇಳ್ತಾ ಇದ್ದೀರಿ. ಕುಕ್ಕರ್ ಸಿಡಿದದ್ದಲ್ಲ. ನಮ್ಮ ಕುಕ್ಕರ್ ಸರಿ ಉಂಟು. ಪ್ರಾಯ ಇಳಿಸ್ಲಿಕ್ಕೆ ಅಂತ ಹೋಗಿ ಆಸಿಡ್ ಹಚ್ಚಿಸಿಕೊಂಡೆ, ಮೇಲಿಂದ ಬಣ್ಣ ಹಚ್ಚಿ ಹಾಳು ಮಾಡಿಕೊಂಡೆ. ಈಗ ಇದನ್ನು ಸರಿ ಮಾಡ್ತಾ ಇರುವವಳು ನನ್ನ ಮಗಳು ಪ್ರಫುಲ್ಲಾ. ಅವಳು ಬ್ಯಾಂಕಿನಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ನೌಪಾಡಾದಲ್ಲಿ ಅವಳದ್ದು ಸ್ವಂತ ಪಾರ್ಲರ್. ನಾನು ನಾಚಿಕೆಯಿಂದ ಬ್ಯಾಂಕ್ ಅಂತ ಹೇಳಿದೆ. ನನಗಾಗಿ ಅವಳು, ನಾನು ಇವರ ಮಗಳೇ ಅಲ್ಲ ಅಂತ ಹೇಳಿದಳು." ಆಮೇಲೆ ಇನ್ನೇನೋ ಹೇಳಲು ಹೋಗಿ, "ಅಷ್ಟೇ" ಎಂದು ಕೂತರು.

ಚಪ್ಪಾಳೆ ಬೀಳಲಿಲ್ಲ. ಜನರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಚೆನ್ನಯ ಓಡಿ ಬಂದು ಈಗ ಪ್ರಸಂಗ ಆರಂಭ ಎಂದ. ನನಗೆ ನಾಚಿಕೆಯೂ ಆಯಿತು, ಹೊಟ್ಟೆ ತಣ್ಣಗೂ ಆಯಿತು. ಕಿಟ್ಟಣ್ಣ ಕಟ್ಟಿದ ಮೀಸೆಯಲ್ಲೇ ಬಂದು ಇವರ ಪಕ್ಕ ಕೂತು ಹೋದ. ಇವರು ಹೃಷೀಕೇಶನ ಕುಣಿತವನ್ನು ಕೊನೆಯವರೆಗೂ ನೋಡಿದರು. ಮನೆಗೆ ಬಂದು, "ಜಯಲತಾ, ಇನ್ನು ಈ ಬಿಲ್ಡಿಂಗಿನ ಮೆಟ್ಟಿಲು ಹತ್ತುವುದು ಹೇಗೆ?" ಎಂದು ಕೇಳಿದರು. ಕಾಲಿನಲ್ಲಿ ಎಂದೆ.

ಗುರುವಾರ ಬರುತ್ತೇನೆ. ಇನ್ನು ಭಜನೆಗೆ ಎಂದು ಹೇಳಿ ಬರಬೇಕಾಗಿಲ್ಲ. ಆ ಮುಲಾಮು ನನಗೂ ಒಂದು ತೆಗೆದಿಡು.

ನಿನ್ನ ಅಮ್ಮ

*

ನೌಪಾಡಾ
ಫೆಬ್ರವರಿ 1, 1986

ಪ್ರೀತಿಯ ಅಪ್ಪನಿಗೆ,

ಅಮ್ಮನ ಪತ್ರ ಬಂತು. ಎರಡು ಸೋಮವಾರ ತಪ್ಪಿಸಿದ್ದೀರಿ. ಯಾಕೆಂದು ನಾನು ಕೇಳುವುದಿಲ್ಲ.

ಇವತ್ತು ಶನಿವಾರ, ಮದುವೆಯ ದಿನಗಳಾದ್ದರಿಂದ ಬೆಂಚು ತುಂಬಿತ್ತು. ನಾನು ಒಬ್ಬ ಹುಡುಗಿಗೆ ಕೂದಲು ಕಟ್ಟುತ್ತಿದ್ದೆ. ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ವಿಮಲಾ ಆಂಟಿ, ಜೊತೆಗೆ ನಿಮ್ಮ ಬಿಲ್ಡಿಂಗಿನ ಇನ್ನೂ ಇಬ್ಬರು. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಎಲ್ಲರೂ ಕೇಳುವ ಹಾಗೆ, "ನೀನು ಸರ್ವೋತ್ತಮರ ಮಗಳಲ್ಲವಾ?" ಎಂದರು.

ಮಂಗಳೂರು ಬಾಯಿಯವರೆಗೆ ಬಂದೇಬಿಟ್ಟಿತ್ತು ಅಪ್ಪಾ. ಬಾಚಣಿಗೆ ಕೈಯಲ್ಲೇ ಇತ್ತು, ಬೆಂಚಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೌದು ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. ಆಂಟಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಅಪ್ಪನದೇ ಮೂಗು, ನನಗೆ ಆವತ್ತೇ ಗೊತ್ತಿತ್ತು" ಎಂದರು. ನನ್ನ ಮೇಲೆ ಸಿಟ್ಟೂ ಮಾಡಿದರು, ಹುಬ್ಬೂ ತೀಡಿಸಿಕೊಂಡರು.

ನಾಡಿದ್ದು ಸೋಮವಾರ ಬನ್ನಿ. ಆ ಅಜ್ಜಿ ಈಗ ಪ್ರತಿ ಸೋಮವಾರ ಬಾಗಿಲು ತಳ್ಳಿಕೊಂಡು ಬರುತ್ತಾಳೆ. ಡೊಂಬಿವಲಿಯ ಗಿರಾಕಿ ಯಾಕೆ ಬರುತ್ತಿಲ್ಲ ಎಂದು ಕಳೆದ ಸಲ ಕೇಳಿದಳು. ಅವಳಿಗೆ ಏನು ಹೇಳಬೇಕೆಂದು ನೀವು ಕುರ್ಚಿಯಲ್ಲಿ ಕೂತಿರುವಾಗಲೇ ಹೇಳುತ್ತೇನೆ.

ನಿಮ್ಮ ಮಗಳು,
ಪ್ರಫುಲ್ಲಾ